ಎದುರಿಗೆ ಕೂತು ಕಲಿತ ಹುರಿ

ದುಬೈ
12 ನವೆಂಬರ್ 1997

ಅಕ್ಕಾ,

ನಿನ್ನ ತಮ್ಮ ಶಿವಪುತ್ರ ಕೈಕಾಲು ಸಮೇತ ದುಬೈ ಮುಟ್ಟಿದ್ದಾನೆ. ಇನ್ನು ಬೀರಪ್ಪನಿಗೆ ದಿನಾ ಕಾಯಿ ಒಡೆಯುವುದನ್ನು ನಿಲ್ಲಿಸು. ವಿಮಾನದಲ್ಲಿ ನನಗೇನೂ ಹೆದರಿಕೆ ಆಗಲಿಲ್ಲ ಎಂದು ಊರವರಿಗೆ ಹೇಳು. ನಿನಗೆ ಮಾತ್ರ ಖರೆ ಹೇಳುತ್ತೇನೆ, ಆಗಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ಕೇರಳದವನು ನನಗಿಂತ ಜೋರಾಗಿ ಹೆದರಿದ್ದರಿಂದ ನನ್ನದು ಯಾರ ಕಣ್ಣಿಗೂ ಬೀಳಲಿಲ್ಲ.

ಕೆಲಸ ಸೋನಾ ಬಜಾರಿನ ಹಿಂದಿನ ಓಣಿಯಲ್ಲಿ. ನಾವು ಹದಿನಾಲ್ಕು ಜನ, ಮೇಲೊಬ್ಬ ಸೇಠ. ಜಮಖಂಡಿಯ ಗಂಗಾರಾಮ ಪತ್ತಾರರ ಅಂಗಡಿಯಲ್ಲಿ ಹನ್ನೆರಡು ವರ್ಷ ಊದುಗೊಳವೆ ಊದಿದ್ದು ದಂಡವಾಗಲಿಲ್ಲ. ಮೊದಲ ದಿನವೇ ಸೇಠ ಮುರಿದ ಸರವೊಂದನ್ನು ಕೊಟ್ಟು ಬೆಸೆ ಎಂದ. ಬೆಸೆದ ಜಾಗ ಎಲ್ಲಿದೆ ಎಂದು ಹುಡುಕಲು ಅವನಿಗೆ ಕನ್ನಡಕ ಬೇಕಾಯಿತು. ನಿಮ್ಮ ಅಪ್ಪನೂ ಅಕ್ಕಸಾಲಿಗನೇ ಎಂದು ಕೇಳಿದ. ಅಲ್ಲ, ಕುರಿ ಕಾಯುತ್ತಿದ್ದ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕ.

ಒಂದು ಮಾತಿಗೆ ಸಿಟ್ಟಾಗಬೇಡ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ನೀನು ನನ್ನ ಕೈಗೆ ಕಟ್ಟಿದ ಕರಿ ಉಣ್ಣೆಯ ಕಂಕಣ ಎರಡನೇ ದಿನವೇ ಬೆಸುಗೆಯ ಉರಿಗೆ ಸಿಕ್ಕು ಸುಟ್ಟುಹೋಯಿತು. ಕೈ ಬರಿದಾಗಿ ನನಗೆ ಊಟ ಸೇರಲಿಲ್ಲ. ಆಮೇಲೆ ಎರಡೆಳೆ ಬೆಳ್ಳಿ ತಂತಿ ಕಾಯಿಸಿ, ಮೆತ್ತಗೆ ಮಾಡಿ, ನೀನು ಕಲಿಸಿದ ಹಾಗೆಯೇ ಹುರಿ ತಿರುವಿದೆ. ನೆನಪಿದೆಯೇ? ಕಟ್ಟೆಯ ಆ ಕಡೆ ನೀನು, ಈ ಕಡೆ ನಾನು. ನಿನ್ನ ಕೈ ಹೇಗೆ ಹೋದರೆ ನನ್ನ ಕೈಯೂ ಹಾಗೆ. ಈಗ ಅದೇ ನನ್ನ ಕಂಕಣ. ಅದಕ್ಕೆ ಬೆಂಕಿಯ ಭಯವಿಲ್ಲ. ಸೇಠ ಅದನ್ನು ಎರಡು ಸಲ ತಿರುಗಿಸಿ ನೋಡಿದ.

ನಿನ್ನ
ಶಿವಪುತ್ರ


ಗಲಗಲಿ
20 ಜನವರಿ 1998

ಶಿವ್ಯಾ,

ಕಾಯಿ ಒಡೆಯುವುದನ್ನು ನಿಲ್ಲಿಸುವುದಿಲ್ಲ. ನೀನು ಮುಟ್ಟುವ ಹರಕೆ ಮುಗಿಯಿತು, ಹೊಳ್ಳಿ ಬರುವ ಹರಕೆ ಶುರುವಾಯಿತು.

ಫೋನ್ ಬೂತಿಗೆ ಕರೆ ಮಾಡಬೇಡ. ನಾನು ಓಡಿ ಬರುವಷ್ಟರಲ್ಲಿ ಅರ್ಧ ಊರು ನಿನ್ನೊಡನೆ ಮಾತಾಡಿ ಮುಗಿಸಿರುತ್ತದೆ, ನನ್ನ ಪಾಲಿಗೆ "ಹ್ಞೂಂ, ಆರಾಮ" ಮಾತ್ರ ಉಳಿಯುತ್ತದೆ. ಕಾಗದ ಬರೆ. ನಾನು ಏಳನೇ ಇಯತ್ತೆ ಓದಿದ್ದು ಇದಕ್ಕಾದರೂ ಬೇಡವೇ? ಒಂದೇ ಕರಾರು, ಕಾಗದದಲ್ಲಿ ಸುಳ್ಳು ಬರೆಯಬಾರದು.

ನಿನ್ನ ಭಾವ ಗಿರಮಲ್ಲಪ್ಪ ಆರಾಮಾಗಿದ್ದಾರೆ. ಅಣೆಕಟ್ಟೆಯ ನೀರು ಈ ಸಲ ನಮ್ಮ ಹೊಲದ ಬದುವಿನ ತನಕ ಬಂದು, ನೋಡಿಕೊಂಡು ಹೋಯಿತು. ಕುರಿಗಳು ಆ ಹೊಸ ದಂಡೆಯಲ್ಲೇ ನೀರು ಕುಡಿದವು, ಅವಕ್ಕೇನು ಚಿಂತೆ. ನಮ್ಮ ಮಾಲಾಳಿಗೆ ಎಂಟು ತುಂಬಿತು. "ಯವ್ವಾ, ಶಿವುಮಾಮಾ ಬಂಗಾರದ ಮ್ಯಾಲೆ ಮಲಗತಾನೇನು?" ಎಂದು ಕೇಳಿದಳು. "ಇಲ್ಲವಾ, ಚುಚ್ಚತೈತಿ" ಎಂದೆ.

ಕಂಕಣ ಸುಟ್ಟಿದ್ದಕ್ಕೆ ಸಿಟ್ಟಿಲ್ಲ. ಕೈ ಸುಟ್ಟಿತೋ ಇಲ್ಲವೋ ಅದನ್ನು ಬರೆಯಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಸತ್ಯವ್ವ


ದುಬೈ
3 ಏಪ್ರಿಲ್ 1999

ಅಕ್ಕಾ,

ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಕೂಡು. ನಿನ್ನ ತಮ್ಮ ಅಂಗಡಿ ಹಾಕಿದ.

ಸೇಠನಿಗೆ ಕಾಲುನೋವು ಹೆಚ್ಚಾಗಿ ಊರಿಗೆ ಹೊರಟ. ಹೋಗುವಾಗ ಬಜಾರಿನ ಮುಂದುಗಡೆ ಇದ್ದ ಸಣ್ಣ ಮಳಿಗೆಯನ್ನು ಪಾಲಿನಲ್ಲಿ ನನಗೆ ಬಿಟ್ಟ. ಅದಕ್ಕೆ ಕಾರಣ ನಾನಲ್ಲ, ನಿನ್ನ ಹುರಿ. ಅವನ ಹೆಂಡತಿ ನನ್ನ ಬೆಳ್ಳಿ ಕಂಕಣ ನೋಡಿ, ಬಂಗಾರದಲ್ಲಿ ಒಂದು ಬೇಕು ಎಂದಳು. ಅದನ್ನು ಅವಳ ತಂಗಿ ನೋಡಿದಳು, ತಂಗಿಯದನ್ನು ಒಬ್ಬ ಡಾಕ್ಟರಿಣಿ ನೋಡಿದಳು. ಈಗ ದಿನಕ್ಕೆ ಏಳೆಂಟು ಜನ "ಆ ಹಗ್ಗದ ಬಳೆ" ಕೇಳಿಕೊಂಡು ಬರುತ್ತಾರೆ. ಹಗ್ಗ ಅನ್ನಬೇಡಿ, ಅದು ಮದುವೆಯಲ್ಲಿ ಕಟ್ಟುವ ಕಂಕಣ, ನಮ್ಮ ಮನೆತನದ್ದು, ಮಂಗಳದ್ದು ಎಂದು ಎಲ್ಲರಿಗೂ ತಿಳಿಸಿ ಹೇಳುತ್ತೇನೆ. ಮಂಗಳ ಎಂದರೆ ಒಂದು ಬೇಕೆಂದು ಬಂದವರು ಎರಡು ಒಯ್ಯುತ್ತಾರೆ.

ಬಳೆಯ ಹೆಸರು ಸತ್ಯಾ ಕಂಕಣ. ಅಂಗಡಿಯ ಹೆಸರು ಸತ್ಯಾ ಜುವೆಲರ್ಸ್. ರಾತ್ರಿ ದೀಪ ಹಾಕಿದರೆ ನಿನ್ನ ಹೆಸರು ಹಸಿರು ಬಣ್ಣದಲ್ಲಿ ಉರಿಯುತ್ತದೆ.

ಮೊಟ್ಟಮೊದಲು ಮಾಡಿದ ಬಳೆಯನ್ನು ನಿನಗೆಂದೇ ತೆಗೆದಿಟ್ಟಿದ್ದೆ. ಬನಹಟ್ಟಿಯ ಚನಮಲ್ಲಪ್ಪ, ನೇಕಾರರ ಮನೆಯವನು, ಇಲ್ಲಿ ನನ್ನ ಕೋಣೆಯಲ್ಲೇ ಇದ್ದಾನೆ. ರಜೆಗೆ ಬರುವಾಗ ತರುತ್ತಾನೆ. ಹಾಕಿಕೊಂಡು ಒಂದು ಸಾಲು ಬರೆ. ನಾಲ್ಕು ಸಾಲು ಬರೆದರೂ ನಡೆಯುತ್ತದೆ.

ಶಿವಪುತ್ರ


ಗಲಗಲಿ
2 ಜೂನ್ 1999

ತಮ್ಮಾ,

ಬಳೆ ಮುಟ್ಟಿತು. ಚನಮಲ್ಲಪ್ಪ ಅದನ್ನು ತನ್ನ ಬನಿಯನ್ನಿನೊಳಗೆ ಹೊಲಿದುಕೊಂಡು ಬಂದಿದ್ದ. ಬಿಚ್ಚಲು ನಿನ್ನ ಭಾವ ಕತ್ತರಿ ತಂದರೆ ಪಾಪ, ಹೊಟ್ಟೆ ಒಳಗೆ ಎಳೆದುಕೊಂಡು ನಿಂತ.

ತುಂಬಾ ಚೆಂದ ಇದೆ. ಹಾಕಿಕೊಂಡಿದ್ದೇನೆ, ತೆಗೆಯುವುದಿಲ್ಲ.

ಒಂದು ಮಾತು ಕೇಳಬೇಕು. ಇದರ ಹುರಿಯನ್ನು ಯಾವ ಕೈಯಿಂದ ತಿರುವಿದೆ? ಸಣ್ಣವನಿದ್ದಾಗ ಯಾವ ತೊಡೆಯ ಮೇಲೆ ಹೊಸೆಯುತ್ತಿದ್ದೆ, ನೆನಪು ಮಾಡಿಕೊಂಡು ಬರೆ. ಅವಸರವಿಲ್ಲ.

ಸತ್ಯವ್ವ


ದುಬೈ
18 ನವೆಂಬರ್ 2004

ಅಕ್ಕಾ,

ಈ ಕಾಗದವನ್ನು ಬೆರಳಿನಿಂದ ಸವರಿ ನೋಡು. ಮೇಲಿನ ಅಕ್ಷರಗಳು ಉಬ್ಬಿವೆ, ಬಂಗಾರದ ಬಣ್ಣದವು. ಮೂರು ಅಂಗಡಿಯ ವಿಳಾಸವೂ ಅದರಲ್ಲೇ ಇದೆ.

ಹೌದು, ಮೂರು. ಮೂರನೆಯದು ಒಂದು ದೊಡ್ಡ ಮಾಲಿನೊಳಗೆ, ಒಳಗೇ ಕಾರಂಜಿ ಇದೆ. ನೀನು ಐದು ವರ್ಷದ ಹಿಂದೆ ಯಾವ ಕೈಯಿಂದ ತಿರುವಿದೆ ಎಂದು ಕೇಳಿದ್ದೆ, ನಾನು ಉತ್ತರ ಬರೆದೇ ಇಲ್ಲ. ತಮ್ಮನ ಕೈಕೆಲಸವನ್ನು ನೀನು ಅಷ್ಟು ಮೆಚ್ಚಿದ್ದು ಕಂಡು ಅವತ್ತು ಎದೆ ತುಂಬಿತ್ತು. ಈಗ ಯಾವ ಕೈಯೂ ಇಲ್ಲ, ಅಕ್ಕಾ. ಇಟಲಿಯಿಂದ ಯಂತ್ರ ತರಿಸಿದ್ದೇನೆ. ನನ್ನ ಮೊದಲ ಬೆಳ್ಳಿ ಕಂಕಣವನ್ನೇ ಮಾದರಿಯಾಗಿ ಕೊಟ್ಟೆ. ಒಂದು ದಿನಕ್ಕೆ ಇನ್ನೂರು ಬಳೆ ಅದೇ ತಿರುವಿನಲ್ಲಿ ಬಂದು ಬೀಳುತ್ತವೆ, ಒಂದು ಎಳೆ ಹೆಚ್ಚುಕಡಿಮೆ ಇಲ್ಲ.

ಈ ವರ್ಷವೂ ಬರಲು ಆಗುವುದಿಲ್ಲ. ಬೈಯಬೇಡ. ಮಾಲಾಳ ಮದುವೆಗೆ ಬಂದೇ ಬರುತ್ತೇನೆ. ಹೊತ್ತುಕೊಳ್ಳಲು ಇಬ್ಬರು ಬೇಕಾಗುವಷ್ಟು ತರುತ್ತೇನೆ. ಮೊಣಕೈಯಿಂದ ಮುಂಗೈ ತನಕ ಸತ್ಯಾ ಕಂಕಣ ತೊಡಿಸಿ, ಹುಡುಗಿ ಕೈ ಎತ್ತಲಾರದ ಹಾಗೆ ಮಾಡುತ್ತೇನೆ. ಜಮಖಂಡಿ, ಮುಧೋಳ ಎಲ್ಲ ಬಂದು ನೋಡಬೇಕು.

ಶಿವಪುತ್ರ


ಗಲಗಲಿ, ಹೊಸ ಪ್ಲಾಟು
9 ಜನವರಿ 2005

ಶಿವ್ಯಾ,

ವಿಳಾಸ ಬದಲಾದದ್ದನ್ನು ನೋಡು. ಹಳೆಯ ಓಣಿಯೊಳಗೆ ಅಣೆಕಟ್ಟೆಯ ನೀರು ಬಂತು. ನಾವು ದಿನ್ನೆಯ ಮೇಲಿನ ಪ್ಲಾಟಿಗೆ ಬಂದೆವು. ಇಲ್ಲಿ ರಸ್ತೆಗಳು ಗೆರೆ ಎಳೆದ ಹಾಗೆ ನೆಟ್ಟಗಿವೆ. ಕುರಿಗಳಿಗೆ ಅಭ್ಯಾಸವಿಲ್ಲ, ಸಂಜೆ ಬಂದು ಯಾರ ಮನೆ ಮುಂದೆ ಬೇಕೋ ಅವರ ಮನೆ ಮುಂದೆ ನಿಲ್ಲುತ್ತವೆ. ನಾವಿಬ್ಬರು ಕಲಿಯಲು ಕೂತಿದ್ದ ಕಟ್ಟೆಯ ಎರಡು ಕಲ್ಲನ್ನು ನಿನ್ನ ಭಾವ ಚಕ್ಕಡಿಯಲ್ಲಿ ಹೇರಿ ತಂದರು. ಹೊಸ ಮನೆ ಮುಂದೆ ಹಾಕಿದ್ದೇವೆ.

ಮಾಲಾ ಕೈ ಎತ್ತಲಾರದ ಹಾಗಾದರೆ ಅನ್ನ ಹೇಗೆ ಉಣ್ಣಬೇಕಪ್ಪಾ? ನಿನ್ನ ಪತ್ರ ಓದಿ ಅವಳೇ ನಕ್ಕಳು. ಹುಡುಗಿಗೆ ಬಂಗಾರ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ತಂದರೆ ಇಟ್ಟುಕೊಳ್ಳುತ್ತೇನೆ. ಆದರೆ ಒಂದನ್ನು ಮಾತ್ರ ಮರೆಯಬೇಡ. ನಮ್ಮ ಪೈಕಿ ಮದುಮಗಳಿಗೆ ಉಣ್ಣೆಯ ಕಂಕಣ ಕಟ್ಟುವವನು ಸೋದರಮಾವ. ತಾನೇ ಹೊಸೆದು ತಾನೇ ಕಟ್ಟಬೇಕು. ಅವಳಿಗೆ ಇರುವ ಮಾವ ನೀನೊಬ್ಬನೇ. ನೀನು ಬರದಿದ್ದರೆ ಆ ಜಾಗದಲ್ಲಿ ಕೂಡಿಸಲು ನನಗೆ ಇನ್ನೊಬ್ಬ ತಮ್ಮ ಇಲ್ಲ.

ಸತ್ಯವ್ವ


ದುಬೈ
14 ಜೂನ್ 2009

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇನ್ನು ಮೇಲೆ ಅಂಗಡಿಯ ವಿಳಾಸಕ್ಕೆ ಬರೆಯಬೇಡ, ಲಕೋಟೆಯ ಮೇಲಿನ ಅಂಚೆ ಪೆಟ್ಟಿಗೆ ನಂಬರಿಗೆ ಬರೆ. ಅಂಗಡಿಗಳಲ್ಲಿ ಸ್ವಲ್ಪ ರಿಪೇರಿ ಕೆಲಸ ನಡೆದಿದೆ. ಧೂಳು ಬಹಳ.

ಬಿಸಿಲೂ ಬಹಳ. ಭಾವನವರಿಗೆ, ಮಾಲಾಳಿಗೆ ಕೇಳಿದೆನೆಂದು ಹೇಳು.

ಶಿವಪುತ್ರ


ಗಲಗಲಿ, ಹೊಸ ಪ್ಲಾಟು
25 ಅಕ್ಟೋಬರ್ 2009

ಶಿವಪುತ್ರ ಅವರಿಗೆ,

ಮಾಲಾಳ ಮದುವೆ ಗಟ್ಟಿಯಾಯಿತು. ಹಿಪ್ಪರಗಿಯ ಬಸಗೊಂಡಪ್ಪನವರ ಮಗ ಶಶಿಕಾಂತ. ಕಬ್ಬು ಇದೆ, ಟ್ರ್ಯಾಕ್ಟರ್ ಇದೆ, ಮುಖ್ಯವಾಗಿ ಮಾತಿಗೆ ಮುಂಚೆ ನಗುವ ಹುಡುಗ. ಬರುವ ಮೇ ತಿಂಗಳ ಹದಿನಾರಕ್ಕೆ ಅಕ್ಷತೆ.

ಪುರುಸೊತ್ತು ಇದ್ದರೆ ಬರಬೇಕು. ಮೊದಲು ನಿಮ್ಮ ಪತ್ರ ಬಂಗಾರದ ಅಕ್ಷರದ ಕಾಗದದಲ್ಲಿ ಬರುತ್ತಿತ್ತು. ಈಗ ನೋಟಬುಕ್ಕಿನಿಂದ ಹರಿದ ಹಾಳೆ, ಅದರಲ್ಲಿ ಆರು ಸಾಲು. ಕುರಿ ಕಾಯುವವರಿಗೆ ಇಷ್ಟು ಸಾಕು ಅನ್ನಿಸಿರಬೇಕು. ಅನ್ನಿಸಲಿ. ಹನ್ನೆರಡು ವರ್ಷದಲ್ಲಿ ಒಂದು ಸಲ ಊರ ಕಡೆ ಮುಖ ಮಾಡದವರಿಗೆ ನಾನೇನು ಹೇಳಲಿ.

ನಿನ್ನ ಭಾವ "ಹಂಗ ಬರಿಬ್ಯಾಡ, ಅವ ನೊಂದ್ಕೊಂತಾನ" ಎಂದರು. ನೊಂದುಕೊಳ್ಳಲಿ ಎಂದೇ ಬರೆದಿದ್ದೇನೆ.

ಸತ್ಯವ್ವ


ದುಬೈ
7 ಫೆಬ್ರವರಿ 2010

ಅಕ್ಕಾ,

ಹರಿದ ಹಾಳೆಯಲ್ಲೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಬೇರೆ ಹಾಳೆ ಇಲ್ಲ. ಅಂಗಡಿಯೂ ಇಲ್ಲ.

ಮೂರೂ ಹೋದವು. ಹಿಂದಿನ ವರ್ಷ ಇಲ್ಲಿ ಕಟ್ಟಡದ ಕೆಲಸಗಳು ನಿಂತವು, ಜನ ಊರು ಬಿಟ್ಟು ಹೊರಟರು, ಅದೇ ಹೊತ್ತಿಗೆ ಬಂಗಾರದ ಬೆಲೆ ಏರಿತು. ಕೊಳ್ಳಲು ಬರುತ್ತಿದ್ದವರು ಮಾರಲು ಬಂದರು. ನನ್ನ ಬಳೆಗಳನ್ನು ನಾನೇ ಗುರುತಿಸಿ, ನಾನೇ ತೂಗಿ, ನಾನೇ ಕರಗಿಸಿದೆ. ಮಾಲಿನ ಅಂಗಡಿ ಮೊದಲು ಹೋಯಿತು, ಯಂತ್ರ ಆಮೇಲೆ. ಬಜಾರಿನ ಮಳಿಗೆ ಕೊನೆಗೆ. ನಿನ್ನ ಹೆಸರಿನ ಹಸಿರು ದೀಪ ಬಿಚ್ಚುವಾಗ ಮಾತ್ರ ನಾನು ಅಲ್ಲಿ ನಿಲ್ಲಲಿಲ್ಲ, ಚಹಾ ಕುಡಿಯಲು ಹೋದೆ. ಈಗ ಇನ್ನೊಬ್ಬರ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕೆ ಕೂಡುತ್ತೇನೆ. ಹಾಗಾಗಿ ರಿಪೇರಿ ನಡೆದಿದೆ ಎಂದು ಬರೆದದ್ದು ಪೂರ್ತಿ ಸುಳ್ಳಲ್ಲ.

ನಿನ್ನನ್ನು ಸಣ್ಣವಳೆಂದು ತಿಳಿದು ಸಣ್ಣ ಪತ್ರ ಬರೆಯಲಿಲ್ಲ. ನಾಚಿಕೆಗೆ ಬರೆದೆ.

ಈಗ ನನ್ನ ಸಿಟ್ಟು ಕೇಳು. ಹೋದ ವಾರ ಬೀಳಗಿ ಕಡೆಯ ಮುದುಕಿಯೊಬ್ಬಳು ಬಂದಿದ್ದಳು, ಲಗಮವ್ವ ಎಂದು. ಮಗ ಇಲ್ಲಿ ಕ್ರೇನ್ ನಡೆಸುತ್ತಾನಂತೆ. ಕಿವಿಯ ಬುಗುಡಿಯ ಕೊಂಡಿ ಬೆಸೆಯಬೇಕಿತ್ತು. ಕನ್ನಡ ಕೇಳಿ ನನಗೆ ಖುಷಿಯಾಯಿತು. ಕರಗಿಸದೆ ಉಳಿಸಿಕೊಂಡ ಒಂದೇ ಒಂದು ಬಳೆ ನನ್ನ ಮೇಜಿನ ಮೊಳೆಗೆ ತೂಗುಹಾಕಿದೆ. ಅದನ್ನು ಕಣ್ಣ ಹತ್ತಿರ ಹಿಡಿದು ಅವಳು ನಕ್ಕಳು.

"ಏ ತಮ್ಮಾ, ಸಂತಿಗೆ ಹೊಂಟ ಕುರಿ ಕೊರಳಿಗೆ ಕಟ್ಟೂ ಹುರಿ ಇದು. ಬಂಗಾರದಾಗ ಯಾಕ ಮಾಡೀದಿ?"

"ಅಲ್ಲವಾ, ಇದು ಮದುವಿ ಕಂಕಣದ್ದು" ಎಂದೆ.

"ಕಂಕಣದ್ದು ಬಲಕ್ಕ ತಿರಗತೈತಿ. ಇದು ಎಡಕ್ಕ ತಿರಗೈತಿ ನೋಡು" ಎಂದಳು. ಸೆರಗಿನಿಂದ ಎರಡೆಳೆ ಎಳೆದು, ಬಲತೊಡೆಯ ಮೇಲೆ ಹೊಸೆದು, ನನ್ನ ಬಳೆಯ ಪಕ್ಕದಲ್ಲಿ ಹಿಡಿದಳು. ಒಂದು ಆ ಕಡೆ, ಒಂದು ಈ ಕಡೆ.

ಅವತ್ತು ನೀನು ಯಾವ ತೊಡೆ ಎಂದು ಕೇಳಿದ್ದು ಆಗ ಅರ್ಥವಾಯಿತು. ಎಡತೊಡೆ, ಅಕ್ಕಾ. ಎಡಗೈ. ನಿನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ನಾನು ಸಾವಿರಾರು ಹೆಣ್ಣುಮಕ್ಕಳಿಗೆ ಮಂಗಳ ಎಂದು ಹೇಳಿ, ಸಂತೆಗೆ ಹೊರಟ ಕುರಿಯ ಹುರಿ ತೊಡಿಸಿದೆ, ನೀನು ಸುಮ್ಮನೆ ಕೂತು ನೋಡಿದೆ. ನನ್ನ ಅಂಗಡಿ ಉಳಿಯದಿದ್ದದ್ದು ಇದಕ್ಕೇ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮದುವೆಗೆ ಬರುವುದಿಲ್ಲ. ಬಂಗಾರವಿಲ್ಲದ ಮಾವ, ಉಲ್ಟಾ ಹುರಿ ಹೊಸೆಯುವ ಮಾವ, ಅಂಥವನು ಆ ಜಾಗದಲ್ಲಿ ಕೂಡಬಾರದು. ಮಾಲಾ ಚೆನ್ನಾಗಿರಲಿ.

ಶಿವಪುತ್ರ


ಗಲಗಲಿ, ಹೊಸ ಪ್ಲಾಟು
1 ಮಾರ್ಚ್ 2010

ಶಿವ್ಯಾ,

ಮೊದಲು ಬೈಗುಳ, ಆಮೇಲೆ ಉಳಿದದ್ದು. ಹುಚ್ಚಾ. ಹುಚ್ಚಪ್ಪಾ. ಒಂದು ವರ್ಷ ಒಬ್ಬನೇ ಕೂತು ಇಷ್ಟೆಲ್ಲ ನುಂಗಿಕೊಂಡೆಯಾ? ಕಾಗದದಲ್ಲಿ ಸುಳ್ಳು ಬರೆಯಬಾರದು ಎಂಬ ಕರಾರು ಎಲ್ಲಿ ಹೋಯಿತು? ಬೈಗುಳ ಮುಗಿಯಿತು. ಹರಿದ ಹಾಳೆಯ ಬಗ್ಗೆ ಬರೆದದ್ದು ನನ್ನ ತಪ್ಪು, ಅದನ್ನು ಓದಿ ನಿನಗೆ ಹೇಗಾಗಿರಬೇಕು ಎಂದು ನೆನೆದು ಎರಡು ದಿನ ಅತ್ತೆ.

ಹುರಿಯ ವಿಷಯ. ನಿನ್ನ ಬಳೆ ಕೈಗೆ ಬಂದ ಗಳಿಗೆಗೇ ಗೊತ್ತಾಯಿತು. ಹೇಳಲಿಲ್ಲ. ಯಾಕೆಂದರೆ ತಪ್ಪು ನಿನ್ನದಲ್ಲ, ನನ್ನದು. ನಿನಗೆ ಆರು ವರ್ಷ. ನಿನ್ನನ್ನು ನನ್ನ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಬೇಕಿತ್ತು, ಎದುರಿಗೆ ಕೂಡಿಸಿದೆ. ನನ್ನ ಬಲಗೈಗೆ ಎದುರಾಗಿ ನಿನ್ನ ಎಡಗೈ ಬಂತು. ಕನ್ನಡಿ ನೋಡಿದ ಹಾಗೆ ಕಲಿತೆ. ನಾನು ಎಳೆ ಬಿಗಿಯಾಗಿದೆಯೋ ಇಲ್ಲವೋ ಅಷ್ಟೇ ನೋಡಿದೆ, ತಿರುವು ನೋಡಲಿಲ್ಲ. ಅಂಗಡಿಗೆ ನನ್ನ ಹೆಸರಿಟ್ಟು ಖುಷಿಯಲ್ಲಿದ್ದವನಿಗೆ ಅದನ್ನು ಹೇಗೆ ಬರೆಯಲಿ?

ಆದರೆ ಲಗಮವ್ವ ನಿನಗೆ ಅರ್ಧ ಹೇಳಿದಳು. ಅವಳ ಮನೆಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಅಪ್ಪನದು ಕೇಳು. ನೀನು ಹತ್ತನೇ ವಯಸ್ಸಿಗೇ ಜಮಖಂಡಿಗೆ ಹೋದವನು, ನಿನಗೆ ಗೊತ್ತಿಲ್ಲ. ಸಂತೆಗೆ ಹೋಗುವ ಕುರಿಗೆ ಅಪ್ಪ ಎಡಕ್ಕೆ ಹೊಸೆದ ಹುರಿ ಕಟ್ಟುತ್ತಿದ್ದ. ಯಾಕೆ? ಕೆಲವು ಕುರಿ ಕೊಂಡವನ ಹಟ್ಟಿಯಲ್ಲಿ ನಿಲ್ಲುವುದಿಲ್ಲ, ಹೊಳೆ ದಾಟಿಯಾದರೂ ತಾವಾಗಿ ಮನೆಗೆ ಬರುತ್ತವೆ. ಕತ್ತಲಲ್ಲಿ ಬಂದರೂ ಕೊರಳು ಮುಟ್ಟಿ ನೋಡಿದರೆ ಗೊತ್ತಾಗಬೇಕು, ಇದು ಹೋಗಿ ಬಂದದ್ದು ಎಂದು. ಹಾಗೆ ಬಂದ ಕುರಿಯನ್ನು ಅಪ್ಪ ಮತ್ತೆ ಯಾವತ್ತೂ ಮಾರಲಿಲ್ಲ. ಕೊಂಡವನಿಗೆ ಬೇರೆ ಕುರಿ ಕೊಟ್ಟು ಕಳಿಸುತ್ತಿದ್ದ. "ಅದು ಮನಿ ನೆನಪ ಇಟ್ಕೊಂಡು ಬಂದೈತಿ, ನಾವು ಮರತ್ರ ಹೆಂಗ?" ಅನ್ನುತ್ತಿದ್ದ.

ಅದಕ್ಕೇ ನಾನು ಈ ಬಳೆಯನ್ನು ಹನ್ನೊಂದು ವರ್ಷ ಕೈಯಿಂದ ತೆಗೆದಿಲ್ಲ. ಓಣಿಯ ತಾರವ್ವ ಕೇಳಿದಳು, "ಏನ ಸತ್ಯವ್ವಾ, ಕುರಿ ಹುರಿ ಹಾಕ್ಕೊಂಡೀಯಲ್ಲ." "ಹಾಕ್ಕೊಂಡೇನಿ. ನನ್ನ ತಮ್ಮ ಹೋಗ್ಯಾನ, ಹೊಳ್ಳಿ ಬರತಾನ" ಎಂದೆ.

ನಿನ್ನ ಬಳೆಗಳೂ ಮಾರಿದ ಮೇಲೆ ಒಂದೊಂದಾಗಿ ನಿನ್ನ ಹತ್ತಿರವೇ ಹೊಳ್ಳಿ ಬಂದವು ಎಂದು ಬರೆದಿದ್ದೀಯಲ್ಲ, ನನಗೆ ಓದುತ್ತಲೇ ನಗು ಬಂತು. ಹುರಿಯ ಗುಣವೇ ಅದು. ನೀನೊಬ್ಬನೇ ಬಾಕಿ.

ಬರಿಗೈಯಲ್ಲಿ ಬಾ. ಉಣ್ಣೆ ಇಲ್ಲಿದೆ.

ಸತ್ಯವ್ವ


ಜಮಖಂಡಿ
19 ಮೇ 2010

ಅಕ್ಕಾ,

ಒಂದು ತಾಸಿನ ದಾರಿಗೆ ಕಾಗದ ಯಾಕೆ ಎನ್ನಬೇಡ. ಎದುರಿಗೆ ಹೇಳಿದರೆ ಬೈಯುತ್ತೀ, ಅದಕ್ಕೆ ಚನಮಲ್ಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಸಲ ಬನಿಯನ್ನಿನೊಳಗೆ ಹೊಲಿದಿಲ್ಲ.

ಗಂಗಾರಾಮ ಪತ್ತಾರರಿಗೆ ಈಗ ಕಣ್ಣು ಮಂಜು. ನನ್ನ ಹಳೆಯ ಮಣೆಯನ್ನು ತಾವೇ ಒರೆಸಿ, "ಕೂಡಪಾ, ಊದುಗೊಳವಿ ಅಲ್ಲೇ ಐತಿ" ಎಂದರು. ಹದಿಮೂರು ವರ್ಷ ಎಲ್ಲಿದ್ದೆ ಎಂದು ಕೇಳಲಿಲ್ಲ. ನಿನ್ನೆ ಎರಡು ಮೂಗುತಿ ಬೆಸೆದೆ.

ಈಗ ಹೇಳಬೇಕಾದದ್ದು. ಮದುವೆಯ ಮುಂಜಾನೆ ಕಟ್ಟೆಯ ಆ ಕಲ್ಲಿನ ಮೇಲೆ ನನ್ನನ್ನು ನಿನ್ನ ಪಕ್ಕದಲ್ಲಿ, ತೊಡೆಗೆ ತೊಡೆ ತಾಗಿಸಿ ಕೂಡಿಸಿಕೊಂಡೆಯಲ್ಲ. ಬಲತೊಡೆ, ಬಲಗೈ ಎಂದು ಸಣ್ಣ ಹುಡುಗನಿಗೆ ಹೇಳಿದ ಹಾಗೆ ಹೇಳಿದೆ. ಆದರೂ ಮೊದಲ ಸಲ ನನ್ನ ಕೈ ತನ್ನ ಹಳೆಯ ದಾರಿಗೇ ಹೋಯಿತು. ಹುರಿ ಎಡಕ್ಕೇ ತಿರುಗಿತು. ನೀನು ತಲೆ ಚಚ್ಚಿಕೊಂಡು ಬೇರೆ ಉಣ್ಣೆ ತರಲು ಒಳಗೆ ಹೋದೆ. ಎಡಕ್ಕೆ ಹೊಸೆದದ್ದು ನನ್ನ ಅಂಗೈಯಲ್ಲೇ ಇತ್ತು.

ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಮಾಲಾ ಅದನ್ನು ನೋಡಿದಳು. ಬಂಗಾರ ತರಲಿಲ್ಲ ಎಂದು ನಾನು ಎರಡು ದಿನದಿಂದ ಅವಳ ಮುಖ ನೋಡಿರಲಿಲ್ಲ. ಅವಳು ಕೈ ಮುಂದೆ ಮಾಡಿದಳು.

"ಮಾಮಾ, ಅದನ್ನೂ ಕಟ್ಟ್ರಿ."

"ಇದು ಹೋಗೂ ಕುರಿದವಾ" ಎಂದೆ.

"ಗೊತ್ತೈತ್ರಿ. ನಾನೂ ಹೊಂಟೇನಿ. ಹೊಳ್ಳಿ ಬಂದಾಗ ಯವ್ವಗ ಗುರುತ ಸಿಗಬೇಕು."

ಕಟ್ಟಿದೆ. ನೀನು ಬಂದ ಮೇಲೆ ಬಲಕ್ಕೆ ಹೊಸೆದದ್ದನ್ನು ಅದರ ಮೇಲೆ ಕಟ್ಟಿ ಮುಚ್ಚಿದೆ. ನಾಳೆ ಮಾಲಾ ಹಿಪ್ಪರಗಿಯಿಂದ ಕಂಕಣ ಬಿಚ್ಚಿಸಿಕೊಳ್ಳಲು ಬರುತ್ತಾಳೆ. ನಾನು ಮುಟ್ಟುವುದು ಸಂಜೆಯಾಗುತ್ತದೆ, ನೀನೇ ಬಿಚ್ಚು. ಮೇಲಿನದನ್ನು ಹೊಳೆಗೆ ಬಿಡು. ಕೆಳಗೆ ಇನ್ನೊಂದು ಇರುತ್ತದೆ. ಅದನ್ನು ಬಿಚ್ಚಬೇಡ, ಮುಟ್ಟಿ ನೋಡಿ ಒಳಗೆ ಕರೆದುಕೋ.

ಶಿವಪುತ್ರ